ತೋರುಬೆರಳಿನ ಅಳತೆ

ಜನವರಿ ೧೮

ಪ್ರೀತಿಯ ಅಕ್ಕ,

ನಿನ್ನ ಕಾಗದ ಕೈ ಸೇರಿ ತುಂಬ ದಿನವಾಯಿತು. ತಡವಾಗಿದ್ದಕ್ಕೆ ಬೈಯಬೇಡ. ಬೈದರೂ ಆ ಬೈಗುಳ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಿನ್ನ ಸಿಟ್ಟು ಇಳಿದಿರುತ್ತದೆ, ನನಗಿರುವುದು ಅದೊಂದೇ ಧೈರ್ಯ. ದಿನಾ ಫೋನಿನಲ್ಲಿ ಮಾತಾಡುತ್ತೀರಲ್ಲ, ಮತ್ತೆ ಕಾಗದ ಯಾಕೆ ಎಂದು ಭಾವ ನಗುತ್ತಾರಂತೆ. ಅವರಿಗೆ ಹೇಳು, ಫೋನಿನಲ್ಲಿ ನಾನೊಬ್ಬಳು ಮಾತಾಡಿದರೆ ಆ ಕಡೆ ಇಡೀ ಮನೆ ಕೇಳುತ್ತದೆ. ಕುಕ್ಕರ್ ಕೂಗುತ್ತದೆ. ನಿನ್ನ ಮಗಳು, ನಮ್ಮ ಕಲೆಕ್ಟರ್, ಫೋನು ಕಿತ್ತುಕೊಂಡು ಹಲ್ಲು ಬಿದ್ದ ಜಾಗ ತೋರಿಸುತ್ತಾಳೆ. ನನ್ನ ಮಗಳು ಮೆಣಸು ಒಂದು ಸಲ ಇಣುಕಿ ಓಡುತ್ತಾಳೆ. ‘ಊಟ ಆಯ್ತೇನೇ’ ಅಂತ ನೀನು, ‘ಆಯ್ತು’ ಅಂತ ನಾನು. ಅಲ್ಲಿಗೆ ಮುಗಿಯಿತು. ಇದರಲ್ಲಿ ಮಾತು ಎಲ್ಲಿ ಆಯಿತು ಹೇಳು.

‘ಅಷ್ಟು ದೂರ ಹೋಗಿ ಅದೇನು ಕಲೀತಿದ್ದೀಯೇ, ಪಕ್ಕದ ಮನೆಯವರು ಕೇಳಿದ್ರೆ ನಂಗೆ ಹೇಳಕ್ಕೇ ಬರಲ್ಲ’ ಎಂದು ಬರೆದಿದ್ದೀ. ಹೀಗೆ ಹೇಳು: ಜನ ದಿನಾ ಕೈಯಲ್ಲಿ ಹಿಡಿಯುವ, ಒತ್ತುವ, ಎತ್ತುವ ಸಾಮಾನು ಹೇಗಿದ್ದರೆ ಮೈಕೈಗೆ ಒಗ್ಗುತ್ತದೆ ಎಂದು ಯೋಚಿಸಿ, ಅದನ್ನು ಮಾಡಿ ನೋಡುವ ಓದು. ಓದು ಅನ್ನುವುದು ಬಾಯಿಮಾತಿಗೆ. ಪುಸ್ತಕ ಮುಟ್ಟಿ ಎಷ್ಟು ಕಾಲವಾಯಿತೋ. ಬೆಳಿಗ್ಗೆಯಿಂದ ಸಂಜೆಯವರೆಗೆ ನಾವಿರುವುದು ಒಂದು ಉದ್ದನೆಯ ವರ್ಕ್‌ಶಾಪಿನಲ್ಲಿ. ಗೋಡೆ ತುಂಬ ಅರ, ಉಳಿ, ಗರಗಸ ನೇತುಹಾಕಿದ್ದಾರೆ. ಒಂದೊಂದರ ಹಿಂದೆಯೂ ಗೋಡೆಯ ಮೇಲೆ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬಳಿದಿದ್ದಾರೆ, ಯಾವುದು ವಾಪಸು ಬಂದಿಲ್ಲ ಎಂದು ನೋಡಿದ ಕೂಡಲೇ ತಿಳಿಯಲಿ ಅಂತ. ನಿನ್ನ ಅಡುಗೆಮನೆಗೂ ಹೀಗೆ ಮಾಡಿಸಬೇಕು, ಸೌಟು ಎಲ್ಲಿ ಸೌಟು ಎಲ್ಲಿ ಅನ್ನುವುದು ನಿಲ್ಲುತ್ತದೆ.

ಮೊದಲು ಒಬ್ಬೊಬ್ಬರಿಗೆ ಒಂದೊಂದು ಹಳೆಯ ಇಸ್ತ್ರಿಪೆಟ್ಟಿಗೆ ಕೊಟ್ಟರು. ಪೂರ್ತಿ ಬಿಚ್ಚಬೇಕು, ಒಂದೊಂದು ಚೂರನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿಟ್ಟು ಚಿತ್ರ ಬರೆಯಬೇಕು, ಮತ್ತೆ ಜೋಡಿಸಿ ಬಿಸಿ ಮಾಡಿ ತೋರಿಸಬೇಕು. ಭಾವ ಫ್ಯಾನು ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಉಳಿಯುತ್ತದಲ್ಲ, ನನಗೆ ಎರಡು ಉಳಿದವು. ನಮ್ಮ ಮೇಡಂ ಅವೆರಡನ್ನೂ ಅಂಗೈಯಲ್ಲಿಟ್ಟುಕೊಂಡು, ‘ಇವಿಲ್ಲದೇನೂ ನಡೆಯುತ್ತೆ ಅಂತ ಆ ಕಂಪನಿಯವರಿಗೆ ಹೇಳಿ ಕಳಿಸೋಣವಾ?’ ಅಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಕ್ಕದ ಮೇಜಿನ ಹುಡುಗ ಮಾತ್ರ ಬಿದ್ದು ಬಿದ್ದು ನಕ್ಕ. ಅವನಿಗೆ ನಾನು ಮನಸ್ಸಿನಲ್ಲೇ ಒಂಟೆ ಎಂದು ಹೆಸರಿಟ್ಟಿದ್ದೇನೆ. ಆ ಕತ್ತು ನೋಡಿದ್ದರೆ ನೀನೂ ಅದನ್ನೇ ಇಡುತ್ತಿದ್ದೆ.

ಈಗಿನ ಕೆಲಸ ನನಗೆ ಇಷ್ಟವಾದದ್ದು. ‘ನಿಮಗೆ ತುಂಬ ಚೆನ್ನಾಗಿ ಗೊತ್ತಿರುವ ಒಬ್ಬರ ಕೈಗೆ ಒಂದು ಹಿಡಿಕೆ ಮಾಡಿ’ ಅಂದಿದ್ದಾರೆ. ಒಂಟೆ ತನ್ನ ತಾತನ ಊರುಗೋಲಿಗೆ ಹಿಡಿ ಮಾಡುತ್ತಿದ್ದಾನೆ. ಅದಕ್ಕೆ ಊರಿಗೆ ಹೋಗಿ ಮುದುಕರ ಅಂಗೈಯ ಅಚ್ಚನ್ನೇ ತೆಗೆದು ತಂದಿದ್ದಾನೆ. ನಾನು ಮೆಣಸಿಗೆ ಚಮಚ ಮಾಡುತ್ತಿದ್ದೇನೆ, ತಾನೇ ತಿನ್ನಲು ಕಲಿಯುವ ಮಗುವಿಗೆ ಆಗುವಂಥದ್ದು. ‘ಕೈ ಅಳತೆ ತರಿಸ್ಕೋ’ ಅಂದರು ಮೇಡಂ. ‘ನನ್ನ ಮಗಳ ಕೈ ನನಗೆ ಗೊತ್ತಿಲ್ವಾ’ ಅಂದೆ. ನಿನಗೂ ಗೊತ್ತಲ್ಲ, ಹಾಲು ಕುಡಿಯುವಾಗ ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಡಿಯುತ್ತಿದ್ದಳು. ನಿದ್ದೆ ಹೋದರೂ ಬಿಡುತ್ತಿರಲಿಲ್ಲ. ಅವಳ ಹೆಬ್ಬೆರಳು ಸುತ್ತಿ ಬಂದು ಅವಳದೇ ಬೆರಳುಗುರಿನ ಮೇಲೆ ಕೂತುಬಿಡುತ್ತಿತ್ತು. ಹಾಗಾಗಿ ನನ್ನ ಬೆರಳನ್ನೇ ಅಳತೆ ಇಟ್ಟುಕೊಂಡೆ. ಎರಡನೇ ಗೆಣ್ಣಿನವರೆಗೆ ಉದ್ದ, ಗೆಣ್ಣಿನ ಹತ್ತಿರದಷ್ಟು ದಪ್ಪ, ತುದಿಗೆ ಬರುತ್ತಾ ಸಣ್ಣ. ಮೊದಲು ಹಗುರವಾದ ಫೋಮಿನಲ್ಲಿ ಕೆತ್ತಿದೆ, ಈಗ ಮರದಲ್ಲಿ. ಅರದಿಂದ ಉಜ್ಜಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕಣ್ಣು ಮುಚ್ಚಿ ಮುಟ್ಟಿ ನೋಡುತ್ತೇನೆ. ಬೆರಳು ಯಾವುದು ಮರ ಯಾವುದು ಗೊತ್ತಾಗಬಾರದು, ಹಾಗೆ ಬರುವವರೆಗೆ ಬಿಡುವುದಿಲ್ಲ.

ನಿದ್ದೆಯ ವಿಷಯ ಕೇಳಿದ್ದೀ. ಬರುತ್ತದೆ, ಆದರೆ ನಿಲ್ಲುವುದಿಲ್ಲ. ಮಗು ಅತ್ತಹಾಗಾಗಿ ಏಳುತ್ತೇನೆ, ಎದ್ದ ಮೇಲೆ ಇಲ್ಲಿ ಅಳುವವರು ಯಾರೂ ಇಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಮಲಗುವುದು ಕಷ್ಟ. ರೂಮಿನ ಜೊತೆಗಾತಿ ಪಾಪ ಏನೂ ಅನ್ನುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ. ರಜೆಗೆ ಬಂದಾಗ ಮೆಣಸು ನನ್ನ ಹತ್ತಿರ ಬರುತ್ತಾಳೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿರುತ್ತದೆ. ನಾನು ಹೊರಟಾಗ ಅವಳಿಗೆ ವರ್ಷ ತುಂಬಿ ಸ್ವಲ್ಪ ದಿನ ಅಷ್ಟೇ ಅಲ್ಲವಾ. ಆಮೇಲೆ ಒಂದು ಸಲವೂ ಊರಿಗೆ ಬರಲಾಗಲಿಲ್ಲ. ‘ನೀ ಹೋಗು, ಸೀಟು ಸಿಗೋದು ಒಂದೇ ಸಲ, ಎರಡು ಮಕ್ಕಳೂ ಒಟ್ಟಿಗೆ ಬೆಳೀತಾವೆ’ ಎಂದು ನೀನು ಅಂದಿದ್ದು ದಿನಾ ನೆನೆಯುತ್ತೇನೆ. ಬೆಳೆಯುತ್ತಿದ್ದಾಳೆ ತಾನೆ?

ಭಾವನಿಗೆ ನಮಸ್ಕಾರ, ಕಲೆಕ್ಟರಿಗೆ ಸಲಾಮು, ಮೆಣಸಿಗೆ ಎರಡೂ ಕೆನ್ನೆಗೆ ನನ್ನ ಪಾಲಿನ ಮುತ್ತು.

ನಿನ್ನ ತಂಗಿ

ಮರೆತಿದ್ದೆ: ಇವರು ಭಾನುವಾರ ಸೈಟಿನ ಕೆಲಸದಿಂದ ಮಗುವನ್ನು ನೋಡಲು ಬಂದಾಗ ಅವಳು ಇವರ ಹತ್ತಿರ ಹೋಗುತ್ತಾಳಾ? ಇವರನ್ನು ಕೇಳಿದರೆ ‘ಹೂಂ’ ಅನ್ನುತ್ತಾರೆ. ಇವರ ಹೂಂ ನಿನಗೆ ಗೊತ್ತಲ್ಲ.


ಮಾರ್ಚ್ ೯

ಅಕ್ಕ,

ಹೇಗಿದ್ದೀರಿ ಎಲ್ಲರೂ? ಭಾವನ ಸೊಂಟ ಹೇಗಿದೆ? ಈ ಸಲ ಬೇಗ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನಿಂದ ಒಂದು ಕೆಲಸವಾಗಬೇಕು. ಸ್ವಾರ್ಥ ಇದ್ದಾಗ ನಿನ್ನ ತಂಗಿ ಎಷ್ಟು ಚುರುಕು ನೋಡು.

ಚಮಚ ಮುಗಿಯಿತು. ನೋಡಲು ತುಂಬ ಚೆನ್ನಾಗಿ ಬಂದಿತ್ತು ಅಕ್ಕ, ನಾನೇ ಹೇಳಬಾರದು. ವರ್ಕ್‌ಶಾಪಿನಲ್ಲಿ ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದರು. ಒಂಟೆ ತನ್ನ ಸಕ್ಕರೆ ಡಬ್ಬಿಗೆ ಒಂದು ಬೇಕೆಂದ. ಆದರೆ ಇಲ್ಲಿ ಮಾಡಿದ ವಸ್ತುವನ್ನು ಮೇಜಿನ ಮೇಲಿಟ್ಟು ಹೊಗಳಿಸಿಕೊಂಡರೆ ಆಗುವುದಿಲ್ಲ. ಯಾರಿಗಾಗಿ ಮಾಡಿದೆಯೋ ಅವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಬೇಕು. ಹೀಗೆ ಹಿಡಿ, ಹಾಗೆ ಹಿಡಿ ಎಂದು ಹೇಳಿಕೊಡುವ ಹಾಗಿಲ್ಲ. ನನ್ನ ಮಗಳು ಇಲ್ಲಿಲ್ಲವಲ್ಲ, ಅದಕ್ಕೆ ಮೇಡಂ ನನ್ನನ್ನು ಹತ್ತಿರದ ಒಂದು ಶಿಶುವಿಹಾರಕ್ಕೆ ಕರೆದುಕೊಂಡು ಹೋದರು. ಮೆಣಸಿನ ವಯಸ್ಸಿನ ಮಕ್ಕಳು. ಮೊಣಕಾಲೆತ್ತರದ ಮೇಜು, ಅದರ ಸುತ್ತ ಅಂಗೈಯಗಲದ ಕುರ್ಚಿಗಳು. ನಾನೂ ಅಂಥದ್ದೊಂದರಲ್ಲಿ ಕೂತೆ, ಏಳುವಾಗ ಕುರ್ಚಿಯೂ ನನ್ನ ಜೊತೆ ಎದ್ದಿತು. ಮಕ್ಕಳಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕೇ. ಅಷ್ಟರಲ್ಲೇ ಎಲ್ಲವೂ ನನ್ನ ನೆಂಟರಾದವು.

ಬೇಯಿಸಿದ ಬಟಾಣಿ ಬಡಿಸಿದರು. ಚಮಚ ಕೊಟ್ಟೆ. ಮೊದಲನೇ ಮಗು ಹಿಡಿಯಿತು, ಎತ್ತಿತು, ಚಮಚ ಮುಷ್ಟಿಯೊಳಗೇ ಗಿರ್ರನೆ ತಿರುಗಿ ಬಟಾಣಿ ಎಲ್ಲ ಮಡಿಲಿಗೆ. ಎರಡನೆಯದಕ್ಕೂ ಅದೇ. ಮೂರನೆಯವಳು ಸುರಿಯುವ ಮೂಗಿನ ಒಂದು ಹುಡುಗಿ, ಬಲು ಗಟ್ಟಿಗಿತ್ತಿ. ಬಿಗಿಯಾಗಿ ಹಿಡಿದಳು. ಬೆರಳುಗಳು ಹಿಡಿಕೆಯನ್ನು ಸುತ್ತಿ ದಾಟಿ ಹೋಗಿ ಉಗುರು ಅವಳ ಅಂಗೈಗೇ ಚುಚ್ಚಿತು. ಚಮಚವನ್ನು ಒಂದು ಸಲ ತಿರುಗಿಸಿ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಮೇಜಿನ ಅಂಚಿಗೆ ತಳ್ಳಿದಳು. ಟೀಚರ ಮುಂದಿದ್ದ ಮಾಮೂಲಿ ಚಮಚ ಎಳೆದುಕೊಂಡು ತಿನ್ನತೊಡಗಿದಳು. ನೊಂದುಕೊಳ್ಳದಿರಲಿ ಎಂದು ನನಗೂ ಒಂದು ಬಟಾಣಿ ತಿನ್ನಿಸಿದಳು.

ಮೇಡಂ ಒಂದು ಕಾಗದದ ಪಟ್ಟಿಯನ್ನು ಆ ಹುಡುಗಿಯ ಅಂಗೈಗೆ ಸುತ್ತಿದರು, ಆಮೇಲೆ ನನ್ನ ಹಿಡಿಕೆಗೆ ಸುತ್ತಿದರು. ‘ಇದು ಸುಮಾರು ಒಂದು ವರ್ಷದ ಮಗುವಿನ ಕೈ. ಆ ವಯಸ್ಸಿಗೆ ಕೂದಲೆಳೆಯಷ್ಟೂ ತಪ್ಪಿಲ್ಲ. ಯಾರ ಕೈ ಅಳೆದೆ?’

‘ನನ್ನ ಮಗಳದು.’

‘ಅವಳಿಗೀಗ ಎಷ್ಟು?’

‘ಎರಡೂವರೆ ಆಗ್ತಾ ಬಂತು.’

ಅವರು ಬಟ್ಟೆ ತೆಗೆದುಕೊಂಡು ಮೇಜಿನ ಮೇಲೆ ಚೆಲ್ಲಿದ್ದ ಬಟಾಣಿ ಒರೆಸುತ್ತಾ ಹೋದರು. ಒರೆಸುವುದು ಅವರ ಕೆಲಸವಲ್ಲ, ಅದಕ್ಕೆ ಬೇರೆಯವರಿದ್ದರು. ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಕ್ಕ. ವಾಪಸು ಬಂದ ಮೇಲೆ ಒಂಟೆ ಸಮಾಧಾನ ಮಾಡಲು ಬಂದ. ‘ನಮ್ಮ ತಾತನ ಕೈ ಬೆಳೆಯೋದು ನಿಂತು ಎಷ್ಟೋ ವರ್ಷ ಆಯ್ತು, ಅದಕ್ಕೆ ನಾನು ಪಾಸು’ ಅಂದ. ನಗಲೇಬೇಕಾಯಿತು. ನಕ್ಕವಳು ಕೈ ತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನನ್ನ ಬೆರಳಿಗೆ ಅವಳು ಇನ್ನೂ ಅಷ್ಟೇ ಇದ್ದಾಳೆ. ಫೋನಿನಲ್ಲಿ ದಿನಾ ನೋಡುತ್ತೇನೆ, ಫ್ರಾಕು ಚಿಕ್ಕದಾಗಿದ್ದು ಕಾಣುತ್ತದೆ, ಕೂದಲು ಬೆಳೆದಿದ್ದು ಕಾಣುತ್ತದೆ. ಕೈ ಮಾತ್ರ ನಾನು ಬಿಟ್ಟು ಬಂದ ದಿನದ್ದೇ ಅಂದುಕೊಂಡಿದ್ದೆನಲ್ಲ, ಅದೆಂಥ ಮಂಕು ನನಗೆ.

ಈಗ ಆಗಬೇಕಾದ ಕೆಲಸ. ಮೆಣಸಿನ ಬಲಗೈಯನ್ನು ಒಂದು ಬಿಳಿ ಹಾಳೆಯ ಮೇಲೆ ಬೆರಳು ಅಗಲಿಸಿ ಇರಿಸಿ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕಳಿಸು. ಫೋಟೋ ಬೇಡ, ಫೋಟೋದಲ್ಲಿ ಅಳತೆ ನಿಲ್ಲುವುದಿಲ್ಲ. ಕುಣಿಯುತ್ತಾಳೆ ಎಂದು ಗೊತ್ತು, ನಿದ್ದೆಯಲ್ಲಿದ್ದಾಗ ಮಾಡು.

ಇನ್ನೊಂದು ಸುದ್ದಿ. ಮಕ್ಕಳಿಗೂ ಆಸ್ಪತ್ರೆಗಳಿಗೂ ಬೇಕಾಗುವ ಸಾಮಾನು ಮಾಡುವ ಒಂದು ಕಾರ್ಖಾನೆಯವರು ರಜೆಯಲ್ಲಿ ನಮ್ಮ ತರಗತಿಯಿಂದ ಒಬ್ಬರನ್ನು ಕೆಲಸ ಕಲಿಯಲು ಕರೆದುಕೊಳ್ಳುತ್ತಾರೆ. ಅಚ್ಚು ಮಾಡುವುದರಿಂದ ಹಿಡಿದು ಡಬ್ಬಿಗೆ ತುಂಬುವವರೆಗೆ ಎಲ್ಲವನ್ನೂ ಕೈಯಾರೆ ಮಾಡಿ ಕಲಿಯಬಹುದು. ಮೇಡಂ ನನ್ನ ಹೆಸರು ಹೇಳಿದ್ದಾರೆ. ಚಮಚ ಹಾಳಾದ ಮೇಲೂ. ಹೋದರೆ ರಜೆ ಪೂರ್ತಿ ಅಲ್ಲೇ, ಊರಿಗೆ ಬರುವುದು ಓದು ಮುಗಿದ ಮೇಲೆಯೇ. ಅಂಥ ಅವಕಾಶಕ್ಕೆ ಇಲ್ಲಿ ಎಲ್ಲರೂ ಬಾಯಿ ಬಿಡುತ್ತಿದ್ದಾರೆ. ನನಗೂ ಆಸೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಇವರನ್ನು ಕೇಳಿದೆ, ‘ನಿನ್ನಿಷ್ಟ’ ಅಂದರು. ಹೂಂ ಅನ್ನುವುದಕ್ಕಿಂತ ಎರಡು ಅಕ್ಷರ ಜಾಸ್ತಿಯಾದರೂ ಆಯಿತಲ್ಲ. ನೀನು ಏನು ಅನ್ನುತ್ತೀ?

ಮಕ್ಕಳಿಬ್ಬರನ್ನೂ ಬಿಸಿಲಿಗೆ ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ


ಮೇ ೪

ನನ್ನ ಅಕ್ಕನಿಗೆ,

ಮತ್ತೆ ತಡ. ಈ ಸಲ ನೆಪ ಇಲ್ಲ, ಬರೆಯಲು ಕೂತು ಕೂತು ಎದ್ದೆ. ಕಲೆಕ್ಟರ ಶಾಲೆ ಮುಗಿಯಿತೇ? ನಿನ್ನ ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಿದೆಯಾ, ಅಥವಾ ನಾಳೆ ನಾಡಿದ್ದು ಅನ್ನುತ್ತಲೇ ಇದ್ದೀಯಾ?

ಕೈಯ ಚಿತ್ರ ಬಂತು. ನಿದ್ದೆಯಲ್ಲಿ ಬರೆಯಲು ಹೋದರೆ ಎದ್ದುಬಿಟ್ಟಳು, ಎಚ್ಚರದಲ್ಲಿ ಬರೆಯಲು ಹೋದರೆ ಕಚಗುಳಿ ಅಂತ ಕೈ ಎಳೆದುಕೊಂಡಳು ಎಂದು ಬರೆದಿದ್ದೀಯಲ್ಲ, ಗೆರೆ ನೋಡಿದರೇ ತಿಳಿಯುತ್ತದೆ. ಕಿರುಬೆರಳಿನ ಹತ್ತಿರ ಪೆನ್ಸಿಲ್ಲು ಹಾಳೆಯಾಚೆಗೇ ಓಡಿದೆ. ಮಣಿಕಟ್ಟಿನ ಹತ್ತಿರ ಇರುವ ಅರ್ಧಚಂದ್ರ ನೀನು ಹಿಡಿದುಕೊಂಡಿದ್ದ ಹೆಬ್ಬೆರಳು ಇರಬೇಕು. ಕೆಳಗೆ ಕಲೆಕ್ಟರ್ ದೊಡ್ಡ ಅಕ್ಷರದಲ್ಲಿ ‘ಇದು ಕೈ’ ಎಂದು ಬರೆದು ಸಹಿ ಹಾಕಿದ್ದಾಳೆ. ಸರ್ಕಾರಿ ದಾಖಲೆಯೇ ಆಯಿತು. ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಇಷ್ಟು ದೊಡ್ಡದಾಗಿದೆಯಾ ಅಕ್ಕ? ಹೆಬ್ಬೆರಳು ಹಿಂದಕ್ಕೆ ಬಾಗಿರುವುದು ನಿಜವೋ, ಪೆನ್ಸಿಲ್ಲು ಜಾರಿದ್ದೋ? ನಿಜವಾದರೆ ಅದು ನಮ್ಮ ಅಮ್ಮನ ಹೆಬ್ಬೆರಳು.

ಅದೇ ಕಾಗದದಲ್ಲಿ ನೀನು ಸಂತೋಷಕ್ಕೆಂದೇ ಬರೆದಿದ್ದೀ: ‘ಅವಳ ಚಮಚದ ಚಿಂತೆ ನಿನಗೆ ಬೇಡ ಕಣೆ, ನಮ್ಮ ಮನೆ ಚಮಚದಲ್ಲೇ ಅವಳಷ್ಟಕ್ಕವಳು ತಿಂತಾಳೆ, ಒಂದು ಅಗುಳೂ ಚೆಲ್ಲಲ್ಲ.’ ಓದಿ ಸಂತೋಷವಾಯಿತು. ಸಂತೋಷವಾಗದೆ ಇರುತ್ತದೆಯೇ. ಯಾವಾಗ ಕಲಿತಳು ಎಂದು ಮಾತ್ರ ನೀನು ಬರೆಯಲಿಲ್ಲ. ನಿನಗೂ ನೆನಪಿರಲಿಕ್ಕಿಲ್ಲ, ಮನೆಯಲ್ಲೇ ಇರುವವರಿಗೆ ಇಂಥದ್ದೆಲ್ಲ ಗೊತ್ತಾಗುವುದಿಲ್ಲ. ಒಂದು ದಿನ ಚೆಲ್ಲುತ್ತಾರೆ, ಇನ್ನೊಂದು ದಿನ ಚೆಲ್ಲುವುದಿಲ್ಲ.

ಚಮಚವನ್ನು ಹೊಸದಾಗಿ ಮಾಡಿದೆ. ಚಿತ್ರದ ಅಳತೆಗೆ ದಪ್ಪ ಹೆಚ್ಚಿಸಿ, ಮುಷ್ಟಿಯಲ್ಲಿ ತಿರುಗದ ಹಾಗೆ ಹಿಡಿಕೆಯ ಒಂದು ಬದಿಯನ್ನು ಚಪ್ಪಟೆ ಮಾಡಿ, ಹೆಬ್ಬೆರಳಿಗೆ ಒಂದು ತಗ್ಗು ಕೊಟ್ಟು. ಮತ್ತೆ ಅದೇ ಶಿಶುವಿಹಾರ, ಅದೇ ಬಟಾಣಿ. ಸುರಿಯುವ ಮೂಗಿನವಳು ಹಿಡಿದಳು, ಎತ್ತಿದಳು, ತಿಂದಳು. ಇನ್ನೊಂದು ಸಲ ಬಡಿಸಲು ಬಟ್ಟಲು ಚಾಚಿದಳು. ಕೊನೆಯಲ್ಲಿ ಚಮಚ ವಾಪಸು ಕೊಡಲಿಲ್ಲ. ಟೀಚರು ಬಿಡಿಸಿಕೊಳ್ಳಲು ಹೋದರು, ಬೇಡ, ಇಟ್ಟುಕೊಳ್ಳಲಿ ಅಂದೆ. ಮೇಡಂ ದಾರಿಯಲ್ಲಿ ಬರುತ್ತಾ, ‘ಈಗ ಅದು ವಸ್ತು ಆಯ್ತು’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನನಗೆ ಏನೂ ಅನ್ನಿಸಲಿಲ್ಲ. ನನ್ನ ಮಗಳಿಗೆ ಮಾಡಿದ್ದು ಯಾರದೋ ಮನೆಗೆ ಹೋಯಿತು ಎಂಬುದಷ್ಟೇ ತಲೆಯಲ್ಲಿ ಓಡುತ್ತಿತ್ತು. ಆ ಹುಡುಗಿಯ ಅಮ್ಮ ಸಂಜೆ ಬಂದು ಕೇಳುತ್ತಾಳೆ, ಎಲ್ಲಿಂದ ಬಂತೇ ಈ ಚಮಚ ಅಂತ, ಮಗು ಏನೋ ಒಂದು ಹೇಳುತ್ತದೆ, ಇಬ್ಬರೂ ಕೈಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಇಂಥದ್ದನ್ನೆಲ್ಲ ಯಾಕೆ ಯೋಚಿಸುತ್ತೀ ಎಂದು ನೀನು ಬೈಯುತ್ತೀ.

ಕಾರ್ಖಾನೆಯ ವಿಷಯ. ‘ಹೋಗೇ, ನಾನಿದ್ದೀನಲ್ಲ, ಇಷ್ಟು ದಿನ ಕಳೆದೋಳು ಇನ್ನೊಂದಿಷ್ಟು ದಿನ ಕಳೀಬಾರದಾ’ ಎಂದು ಬರೆದಿದ್ದೀ. ನಿನ್ನ ಆ ‘ನಾನಿದ್ದೀನಲ್ಲ’ ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಈ ಸಲ ಮಾತ್ರ ನಿನ್ನ ಮಾತು ಮೀರುತ್ತಿದ್ದೇನೆ. ಮೇಡಂ ಹತ್ತಿರ ಹೋಗಿ ಬೇಡ ಅಂದೆ. ‘ಚೆನ್ನಾಗಿ ಯೋಚನೆ ಮಾಡಿ ಹೇಳ್ತಿದ್ದೀಯಾ?’ ಅಂದರು. ‘ಇಲ್ಲ ಮೇಡಂ, ಯೋಚನೆ ಮಾಡಿದ್ರೆ ಹೋಗಿಬಿಡ್ತೀನಿ’ ಅಂದೆ. ಅವರು ಮೊದಲ ಸಲ ನಕ್ಕರು. ಜಾಗ ಒಂಟೆಗೆ ಹೋಯಿತು. ಅವನಿಗೆ ಖುಷಿಯಾಗಿದೆ, ನನ್ನ ಮುಂದೆ ಖುಷಿಪಡಲು ನಾಚಿಕೆ. ಮೇಜು ಒರೆಸಿದ್ದನ್ನೇ ಒರೆಸುತ್ತಾ, ‘ನೀನು ಹೋಗಿದ್ರೆ ನನಗಿಂತ ಚೆನ್ನಾಗಿ ಕಲೀತಿದ್ದೆ’ ಅಂದ. ಬಾಯಿ ಮುಚ್ಚೋ ಅಂದೆ. ಅವನಿಗೆ ಬಾರದ ನಮ್ಮ ಭಾಷೆಯಲ್ಲೇ ಅಂದೆ, ಅರ್ಥವಾದ ಹಾಗೆ ತಲೆಯಾಡಿಸಿದ.

ಹಾಗಾಗಿ ಬರುತ್ತಿದ್ದೇನೆ. ರಜೆ ಶುರುವಾದ ಕೂಡಲೇ ಹೊರಡುತ್ತೇನೆ. ರಜೆ ಮುಗಿದ ಮೇಲೆ ಮತ್ತೆ ಬಿಟ್ಟು ಬರಬೇಕು, ಅದೂ ಗೊತ್ತು. ಆ ದಿನದ ಮಾತು ಈಗ ಆಡಬೇಡ. ಮನೆಗೆ ಸುಣ್ಣ ಬಣ್ಣ ಮಾಡಿಸಲು ಹೋಗಬೇಡ, ನೆಂಟರನ್ನು ಕರೆಯಬೇಡ. ಮಕ್ಕಳ ಪಕ್ಕ ನನಗೊಂದು ಚಾಪೆ ಹಾಕು, ಅಷ್ಟು ಸಾಕು. ಅಲ್ಲಾದರೂ ನಿದ್ದೆ ಬರಬಹುದು.

ಭಾವನಿಗೆ ನನ್ನ ನಮಸ್ಕಾರ. ಇಬ್ಬರು ಮಕ್ಕಳೂ ಜ್ವರ ನೆಗಡಿ ಇಲ್ಲದೆ ತಣ್ಣಗಿರಲಿ. ನೀನು ನೂರು ಕಾಲ ನನ್ನ ಅಕ್ಕನಾಗಿಯೇ ಇರು.

ನಿನ್ನ ತಂಗಿ

ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಕಳಿಸಿದರೆ ನಿನಗೆ ಬರೆದ ಹಾಗಾಗುವುದಿಲ್ಲ. ಮೊನ್ನೆ ಭಾನುವಾರ ಫೋನಿನಲ್ಲಿ ಮೆಣಸು ಓಡಿ ಹೋಗಲಿಲ್ಲವಲ್ಲ, ಸ್ಕ್ರೀನಿಗೆ ಮೂಗು ಒತ್ತಿ ನಿಂತು, ‘ಚಿಕ್ಕಮ್ಮಾ, ಊಟ ಆಯ್ತಾ’ ಅಂದಳು. ಎಷ್ಟು ಸ್ಪಷ್ಟವಾಗಿ ಅಂದಳು. ಒತ್ತಕ್ಷರ ಕೂಡ ಬಿಡಲಿಲ್ಲ. ಕಲೆಕ್ಟರ್ ನನ್ನನ್ನು ಹಾಗೆ ಕರೆಯುತ್ತಾಳೆ, ಇವಳೂ ಕರೆದಳು. ಕಲೆಕ್ಟರ್ ನಿನ್ನನ್ನು ಅಮ್ಮ ಅನ್ನುತ್ತಾಳೆ, ಇವಳೂ ಅನ್ನುತ್ತಾಳೆ. ಜೊತೆಯಲ್ಲಿ ಬೆಳೆಯುವ ಮಕ್ಕಳು ಹಾಗೇ, ಯಾರೂ ಹೇಳಿಕೊಟ್ಟಿದ್ದಲ್ಲ ಎಂದು ನನಗೆ ಗೊತ್ತು. ಭಾವ ನಕ್ಕರು, ಇವರು ನಕ್ಕರು, ನಾನೂ ನಕ್ಕೆ. ಮಲತಾಯಿಯನ್ನೂ ಚಿಕ್ಕಮ್ಮ ಅಂತಲೇ ಕರೆಯುತ್ತಾರೆ ಎನ್ನುವುದು, ಹಾಳಾದ್ದು, ನಗುತ್ತಿರುವಾಗಲೇ ನೆನಪಾಯಿತು.

ನೀನೊಬ್ಬಳು ನಗಲಿಲ್ಲ. ‘ಹಾಗನ್ನಬಾರದು ಪುಟ್ಟಾ, ಅವಳೇ ನಿನ್ನಮ್ಮ, ಅಮ್ಮ ಅನ್ನು’ ಅಂದೆ. ಮತ್ತೆ ಮತ್ತೆ ಹೇಳಿಸಲು ನೋಡಿದೆ. ಅವಳ ತುಟಿ ಅದುರಿತು. ‘ಅಮ್ಮಾ’ ಎಂದು ಅತ್ತಳು, ನಿನ್ನ ಕಡೆ ತಿರುಗಿ, ನಿನ್ನ ಹೆಗಲಲ್ಲಿ ಮುಖ ಹುದುಗಿಸಿಕೊಂಡು. ಆಮೇಲಿಂದ ಅವಳು ಫೋನಿನ ಹತ್ತಿರ ಬಂದಿಲ್ಲ.

ಅಕ್ಕ, ಅವಳನ್ನು ತಿದ್ದಬೇಡ. ನನ್ನ ಫೋಟೋ ತೋರಿಸಿ ಪಾಠ ಮಾಡಬೇಡ. ಆ ಮಾತಿಗೆ ಅವಳು ಹೆದರಿಕೊಂಡರೆ ನನಗೆ ಉಳಿಯುವುದೇನು? ಚಿಕ್ಕಮ್ಮ ಬರ್ತಾಳೆ ಅಂತಲೇ ಹೇಳು. ನಾನು ಬಾಗಿಲು ತಟ್ಟಿದಾಗ ‘ಚಿಕ್ಕಮ್ಮ ಬಂದ್ಲು’ ಎಂದು ಕೂಗಿಕೊಂಡು ಅವಳು ಓಡಿಬರಲಿ. ನಾನು ಓಗೊಡುತ್ತೇನೆ.